ಟಿಕೆಟ್ ಹಿಂದೈತೆ

ಶಿಕಾರಿಪುರದ ಕಾಲೇಜಿನಲ್ಲಿ ನಾನು ಮೂವತ್ತು ಚಿಲ್ಲರೆ ವರ್ಷ ಇಂಗ್ಲೆಂಡಿನ ಇತಿಹಾಸ ಹೇಳಿಕೊಟ್ಟೆ. ಅಷ್ಟು ವರ್ಷಗಳಲ್ಲಿ ಎಷ್ಟು ರಾಜರಿಗೆ ಪಟ್ಟ ಕಟ್ಟಿದೆ, ಎಷ್ಟು ಮಂತ್ರಿಗಳ ತಲೆ ತೆಗೆಸಿದೆ ಎಂಬುದಕ್ಕೆ ಲೆಕ್ಕವಿಲ್ಲ. ಎಲ್ಲವನ್ನೂ ಆ ದೇಶವನ್ನು ಒಮ್ಮೆಯೂ ನೋಡದೆಯೇ ಮಾಡಿದೆ. ನೋಡಿದ್ದರೆ ಅಷ್ಟು ಧೈರ್ಯವಾಗಿ ಮಾಡುತ್ತಿರಲಿಲ್ಲವೇನೋ. ನಿವೃತ್ತಿಯ ದಿನ ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಮೈಕಿನ ಮುಂದೆ ನಿಂತಾಗ, ಯಾರೂ ಕೇಳದಿದ್ದರೂ ಘೋಷಿಸಿಬಿಟ್ಟೆ: "ಇನ್ನು ಆ ನಗರಗಳನ್ನು ಕಣ್ಣಾರೆ ಕಂಡು ಬರುತ್ತೇನೆ, ಅದೂ ರೈಲಿನಲ್ಲಿ." ರೈಲು ಎಂದದ್ದಕ್ಕೇ ಚಪ್ಪಾಳೆ ಬಿತ್ತು. ನಮ್ಮೂರಿಗೆ ರೈಲು ಬರುತ್ತದೆ ಎಂಬ ಮಾತು ಬಹಳ ಹಳೆಯದು. ಅದು ಬರುವಷ್ಟರಲ್ಲಿ ನಾನೇ ಅದಿದ್ದಲ್ಲಿಗೆ ಹೋಗಿಬರುವುದು ಸರಿಯೆಂದು ಸಭಿಕರಿಗೂ ಅನ್ನಿಸಿರಬೇಕು.

ಹೊರಡುವ ವಾರ ಈಸೂರಿನ ಸಹೋದ್ಯೋಗಿಯೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. "ಏನ್ರೀ ಮೇಷ್ಟ್ರೆ, ಅವರನ್ನ ಇಲ್ಲಿಂದ ಓಡ್ಸಾಕೆ ನಮ್ಮೂರ ಜನ ಜೈಲಿಗೆ ಹೋದ್ರು. ನೀವು ನೋಡಿದ್ರೆ ಕೈಯಾರೆ ರೊಕ್ಕ ಕೊಟ್ಟು ಅವರ ಮನಿ ಬಾಗ್ಲಿಗೆ ಹೊಂಟೀರಿ" ಎಂದರು.

"ಹೋಗಿ ಬಂದು ಪಾಠ ತಿದ್ದಬೇಕಲ್ರೀ" ಎಂದೆ.

"ಯಾರಿಗೆ ತಿದ್ತೀರಿ? ರಿಟೈರ್ ಆತಲ್ಲ!"

ಬಸ್ಸು ಬಂದಂತೆ ನಟಿಸಿ ಹೊರಟುಬಿಟ್ಟೆ.

ಜೊತೆಗೆ ಹೆಂಡತಿ ಬಂದಳು. ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಓದು ಹೈಸ್ಕೂಲಿಗೆ ನಿಂತಿತು. ಇಂಗ್ಲಿಷು ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಆಡಲು ಸಂಕೋಚ. ಆ ಸಂಕೋಚಕ್ಕೆ ಮನೆಯಲ್ಲಿ ದಿನವೂ ನೀರೆರೆದು ಬೆಳೆಸಿದವನು ನಾನೇ ಎಂಬುದು ಬಹಳ ತಡವಾಗಿ ಹೊಳೆದ ಸಂಗತಿ.

ಲಂಡನ್ನಿನಲ್ಲಿ ನನ್ನ ತಂಗಿಯ ಮಗಳು ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಪುಟ್ಟ ಮನೆಯೇ ನಮ್ಮ ಬಿಡಾರ. ಬಂದ ಮರುದಿನವೇ ಅವಳು, "ಮಾವ, ಅತ್ತೆ ಫೋನಿಗೆ ಇಲ್ಲಿನ ಸಿಮ್ ಹಾಕಿಸ್ತೀನಿ" ಎಂದಳು.

"ನಾನು ಜೊತೆಗಿರೋವಾಗ ಅವಳಿಗೆ ಎಂಥಾ ಫೋನು?"

"ಹಂಗಲ್ಲ ಮಾವ, ಎಲ್ಲಾದ್ರೂ ತಪ್ಪಿಸ್ಕಂಡ್ರೆ..."

"ತಪ್ಪಿಸ್ಕಳಾಕೆ ಅವಳೇನು ಕುರಿಮರೀನಾ?"

ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: "ಬಿಡೇ ಮಾರಾಯ್ತಿ. ಎಲ್ಲಾ ಸಲ ತಪ್ಪಿಸ್ಕಳೋದು ಕುರೀನೇ ಅಲ್ಲ, ಕಾಯೋರೂ ತಪ್ಪಿಸ್ಕಂತಾರೆ."

ಮೊದಲು ಯಾರ್ಕ್ ನೋಡಿದೆವು. ಹಳೆಯ ಕೋಟೆಗೋಡೆಯ ಮೇಲೆ ನಡೆಯುತ್ತ, ಎರಡು ಗುಲಾಬಿಗಳ ಯುದ್ಧವನ್ನು ಕೆಂಪು ಯಾರದು, ಬಿಳಿ ಯಾರದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಒಂದೇ ಮನೇರು ಹೊಡೆದಾಡಿದ್ದಕ್ಕೆ ಎಷ್ಟು ಚಂದದ ಹೆಸರು ಇಟ್ಟಾರೆ ನೋಡ್ರಿ. ನಮ್ಮಲ್ಲಾದ್ರೆ ಪಾಲಿನ ಜಗಳ ಅಂತಿದ್ರು" ಎಂದಳು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಪಾಠವನ್ನು ಇಷ್ಟು ಚಿಕ್ಕದಾಗಿ ಬರೆದುಕೊಂಡಿರಲಿಲ್ಲ.

ಆಮೇಲೆ ಬಾತ್. "ಎಂತ ಬಾತ್ ರೀ, ವಾಂಗಿಬಾತಾ?" ಎಂದವಳಿಗೆ ಉಚ್ಚಾರಣೆಯ ಮೇಲೆ ಒಂದು ಉಪನ್ಯಾಸ ಕೊಟ್ಟೆ. ಟಿಕೆಟ್ ಕೌಂಟರಿನಲ್ಲಿ ಅದೇ ಹೆಸರನ್ನು ಬಗೆಬಗೆಯಾಗಿ ಹೇಳಿದರೂ ಒಳಗಿದ್ದವರು 'ಸಾರಿ?' ಎನ್ನುತ್ತಲೇ ಇದ್ದರು. ಹಿಂದೆ ಕ್ಯೂ ಬೆಳೆಯಿತು. ಕೊನೆಗೆ ಹೆಂಡತಿ ಮುಂದೆ ಬಂದು, ಗಾಜಿಗೆ ಅಂಟಿಸಿದ್ದ ನಕ್ಷೆಯಲ್ಲಿ ಆ ಊರಿನ ಮೇಲೆ ಬೆರಳಿಟ್ಟಳು. ಟಿಕೆಟ್ ಬಂತು. "ಇವರ ಕಿವಿ ಸರಿಯಿಲ್ಲ" ಎಂದೆ. "ಹೌದ್ರಿ" ಎಂದಳು. ಆ ಹೌದಿಗಿಂತ ಅದರ ಬಾಲದ 'ರಿ' ಉದ್ದವಾಗಿತ್ತು.

ಹೀಗೆ ಸಣ್ಣಸಣ್ಣ ಅವಮಾನಗಳಲ್ಲಿ ಪಳಗಿದ ಮೇಲೆ ಕ್ಯಾಂಟರ್ಬರಿಗೆ ಹೊರಟೆವು. ಅಲ್ಲಿಯ ದೊಡ್ಡ ಚರ್ಚಿನೊಳಗೇ ಒಬ್ಬ ಆರ್ಚ್‌ಬಿಷಪ್ಪನ ಕೊಲೆಯಾಗಿತ್ತು. ನಾನು ಆ ಪಾಠ ಮಾಡುವ ದಿನ ಪಕ್ಕದ ತರಗತಿಯ ಹುಡುಗರೂ ಕಿಟಕಿಯಲ್ಲಿ ನಿಲ್ಲುತ್ತಿದ್ದರೆಂದು ಹೆಂಡತಿಗೆ ಅನೇಕ ಸಲ ಹೇಳಿದ್ದೆ. ಆ ಪಾಠವನ್ನು ಒಮ್ಮೆ ಅಲ್ಲಿಯೇ ನಿಂತು ಅವಳಿಗೆ ಕೇಳಿಸಬೇಕೆಂಬುದು ನನ್ನ ಆಸೆ. ಅವಳಿಗೂ ಆ ಊರೊಂದನ್ನು ನೋಡುವ ಮನಸ್ಸಿತ್ತು. "ಅಷ್ಟು ವರ್ಷ ಅದನ್ನೇ ಹೇಳೀರಲ್ಲ, ಹೆಂಗೈತೆ ನೋಡಣ" ಎಂದು ಹಿಂದಿನ ದಿನವೇ ಸೀರೆ ತೆಗೆದಿಟ್ಟುಕೊಂಡಿದ್ದಳು.

ಅಂದು ರಜೆ ಇದ್ದಿರಬೇಕು, ರೈಲು ಕಿಕ್ಕಿರಿದಿತ್ತು. ನಾವು ನಿಂತಿದ್ದ ಕಡೆ ಬಾಗಿಲಲ್ಲೇ ಜನ. "ಏನ್ಮಾಡಣ ರೀ?" ಎಂದಳು. ನನ್ನ ಬಾಯಿಂದ ಯೋಚನೆಯ ಹಂಗಿಲ್ಲದೆ ಬಂತು: "ನೀನು ಮುಂದೆ ಹತ್ತು, ನಾನು ಹಿಂದೆ ಹತ್ತುತೀನಿ. ಇಳಿದ ಮೇಲೆ ಸಿಗಣ." ಅವಳೂ ಮರುಮಾತಿಲ್ಲದೆ ಮುಂದಕ್ಕೆ ನಡೆದಳು.

ಇದರಲ್ಲಿ ನಮಗಿಬ್ಬರಿಗೂ ವಿಶೇಷವೇನೂ ಕಾಣಲಿಲ್ಲ. ಮದುವೆಯಾದಾಗಿನಿಂದ ಶಿಕಾರಿಪುರ ಸೊರಬದ ಬಸ್ಸಿನಲ್ಲಿ ನಾವು ಓಡಾಡಿದ್ದೇ ಹಾಗೆ. ಹೆಂಗಸರು ಮುಂದೆ, ಗಂಡಸರು ಹಿಂದೆ. ದುಡ್ಡು ಹಿಂದಿನ ಗಂಡಸಿನ ಜೇಬಿನಲ್ಲಿ. ಕಂಡಕ್ಟರ್ ಬಂದು ಕೈ ಒಡ್ಡಿದರೆ ಮುಂದಿನ ಹೆಂಗಸು ಕಿಟಕಿಯಿಂದ ಮುಖ ಕೂಡ ತಿರುಗಿಸದೆ, "ಟಿಕೆಟ್ ಹಿಂದೈತೆ" ಎನ್ನುತ್ತಾಳೆ. ಅವನು ಹಿಂದೆ ಬಂದು, "ಮುಂದಿಂದು ಯಾರ್ರೀ?" ಎನ್ನುತ್ತಾನೆ. ಯಾರೋ ಒಬ್ಬ ಯಜಮಾನ ಜೋತುಬಿದ್ದಲ್ಲಿಂದಲೇ ಗಂಭೀರವಾಗಿ ಎರಡು ಬೆರಳು ತೋರಿಸುತ್ತಾನೆ. ಇಳಿಯುವ ಊರು ಬಂದಾಗ ಹಿಂದಿನಿಂದ ಒಂದು ಕೂಗು, ಮುಂದೆ ಒಂದು ಸೆರಗು ಎದ್ದು ನಿಲ್ಲುತ್ತದೆ. ಈಗೀಗ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಗಿ, ಅಲ್ಲಿ ಅವಳು ಆಧಾರ್ ಕಾರ್ಡು ತೋರಿಸುತ್ತಾಳೆ. ಖಾಸಗಿ ಬಸ್ಸಿನಲ್ಲಿ ಮಾತ್ರ ಇವತ್ತಿಗೂ "ಟಿಕೆಟ್ ಹಿಂದೈತೆ." ಈ ಎರಡು ಮಂತ್ರಗಳಿಂದ ಅವಳು ಎರಡು ತಾಲ್ಲೂಕುಗಳನ್ನು ಗೆದ್ದಿದ್ದಳು.

ಹಿಂದಿನ ಡಬ್ಬಿಯಲ್ಲಿ ನನಗೆ ಕೂರಲು ಜಾಗ ಸಿಕ್ಕಿತು. ಸ್ಪೀಕರಿನಲ್ಲಿ ಹೆಂಗಸೊಬ್ಬಳು ಪದೇ ಪದೇ ಏನೋ ಹೇಳುತ್ತಿದ್ದಳು. ಪುಸ್ತಕದ ಇಂಗ್ಲಿಷು ನನ್ನ ಊಟತಿಂಡಿ. ಆದರೆ ಅವಳದು ಪುಸ್ತಕದ್ದಲ್ಲ. 'ಕ್ಯಾಂಟರ್ಬರಿ' ಎಂಬುದು ಕೇಳಿಸಿತು, 'ಫ್ರಂಟ್' ಎಂಬುದು ಕೇಳಿಸಿತು. ಕ್ಯಾಂಟರ್ಬರಿ ಇನ್ನೂ ಮುಂದಿದೆ ಎಂದು ಅರ್ಥ ಮಾಡಿಕೊಂಡು, ಗೊತ್ತು ಎನ್ನುವಂತೆ ತಲೆಯಾಡಿಸಿದೆ. ಎದುರು ಕೂತಿದ್ದ ಮುದುಕರೊಬ್ಬರು ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಒಂದು ಜಂಕ್ಷನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರ್ಮಿನ ತಿರುವಿನಲ್ಲಿ, ನಮ್ಮ ಮುಂದೆ ಯಾವುದೋ ರೈಲು ಹೊರಟು ಹೋಗುವುದು ಕಾಣಿಸಿತು. ಅವರಿಗೇನೋ ಅವಸರವಿದ್ದಿರಬೇಕು, ಹೋಗಲಿ ಎಂದು ಉದಾರವಾಗಿ ಬಿಟ್ಟುಕೊಟ್ಟೆ. ಆಮೇಲೆ ನಾವು ಹೊರಟೆವು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಸಮುದ್ರ ಬಂತು.

ಕ್ಯಾಂಟರ್ಬರಿಗೆ ಸಮುದ್ರವಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಪರೀಕ್ಷೆಗೆ ನಕ್ಷೆ ಬರೆಸಿ, ಕಡಲತೀರಕ್ಕೆ ತಾಗಿಸಿ ಚುಕ್ಕೆ ಇಟ್ಟವರ ಅಂಕ ಕಳೆದವನು ನಾನು.

ಎದುರಿನ ಮುದುಕರನ್ನು ಕೇಳಿದೆ. ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ, ಎರಡು ಕೈಗಳನ್ನು ಜೋಡಿಸಿ ಬಿಡಿಸಿ ತೋರಿಸಿದರು. ಜಂಕ್ಷನ್ನಿನಲ್ಲಿ ರೈಲು ಎರಡು ತುಂಡಾಗುತ್ತದೆ. ಮುಂದಿನ ಡಬ್ಬಿಗಳು ಕ್ಯಾಂಟರ್ಬರಿಗೆ, ಹಿಂದಿನವು ಡೋವರಿಗೆ. ಸ್ಪೀಕರಿನ ಹೆಂಗಸು ದಾರಿಯುದ್ದಕ್ಕೂ ಹೇಳುತ್ತಿದ್ದುದು ಅದನ್ನೇ. ನಾನು ತಲೆಯಾಡಿಸಿದ್ದೂ ಅದಕ್ಕೇ.

ನನ್ನ ಕೈ ಕೋಟಿನ ಒಳಜೇಬಿಗೆ ಹೋಯಿತು. ಎರಡೂ ಟಿಕೆಟ್ ಅಲ್ಲಿದ್ದವು. ದುಡ್ಡು ಅಲ್ಲಿತ್ತು. ನಮ್ಮಿಬ್ಬರಲ್ಲಿ ಆ ದೇಶದಲ್ಲಿ ಮಾತಾಡಬಲ್ಲ ಒಂದೇ ಫೋನು ಅಲ್ಲಿತ್ತು. ಅವಳ ಇಡೀ ಇಂಗ್ಲೆಂಡು ನನ್ನ ಜೇಬಿನಲ್ಲಿತ್ತು, ಅವಳೊಬ್ಬಳು ಬೇರೆ ರೈಲಿನಲ್ಲಿದ್ದಳು. ಹಿಂದಿನಿಂದ ನಾನು ಕೂಗದೆ ಅವಳು ಎಲ್ಲಿಯೂ ಇಳಿದವಳಲ್ಲ. ಕೂಗು ಬರಲಿಲ್ಲವೆಂದು ಕೂತೇಬಿಟ್ಟರೆ? ಆ ರೈಲು ಎಲ್ಲಿಯವರೆಗೆ ಹೋಗುತ್ತದೋ ಯಾರಿಗೆ ಗೊತ್ತು. ತಂಗಿಯ ಮಗಳಿಗೆ ಫೋನು ಹಚ್ಚಿದೆ. ಡ್ಯೂಟಿಯಲ್ಲಿದ್ದಳೇನೋ, ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನವಾದದ್ದನ್ನೂ ಇಲ್ಲಿ ಬರೆಯಬೇಕು.

ಡೋವರಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟಿನ ಗಟ್ಟಿ ಹೆಂಗಸೊಬ್ಬರು ನನ್ನನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಕೊಂಡರು. ನನ್ನ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರು.

"ನಿಮ್ಮ ಹೆಂಡತಿ ಏನು ಉಟ್ಟಿದ್ದಾರೆ?"

"ಸೀರೆ."

"ಯಾವ ಬಣ್ಣದ್ದು?"

ನಾನು ಯೋಚಿಸಿದೆ. ಹಿಂದಿನ ದಿನವೇ ತೆಗೆದಿಟ್ಟಿದ್ದಳು. ಬೆಳಿಗ್ಗೆ ಎದುರಿಗೆ ನಿಂತು, "ಇದು ಅಡ್ಡಿಯಿಲ್ಲೇನ್ರೀ?" ಎಂದು ಕೇಳಿದ್ದಳು. "ಹೂಂ" ಎಂದಿದ್ದೆ. ಐನೂರು ವರ್ಷದ ಹಿಂದಿನ ಗುಲಾಬಿಗಳಲ್ಲಿ ಯಾವುದು ಕೆಂಪು, ಯಾವುದು ಬಿಳಿ ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲ ಪ್ರಾಣಿ, ಆ ಬೆಳಗಿನ ಸೀರೆಯ ಬಣ್ಣ ಹೇಳಲಾರದೆ ಗೋಡೆ ನೋಡುತ್ತ ಕೂತಿತು.

"ಪರವಾಗಿಲ್ಲ. ಹೆಸರು?"

ಇದು ಗೊತ್ತಿತ್ತು. ಮನೆಯಲ್ಲಿ ಕರೆಯುವ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕ್ಯಾಂಟರ್ಬರಿಗೆ ಫೋನು ಮಾಡಿದರು. ಕೇಳಿಸಿಕೊಂಡರು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಅಲ್ಲಿ ಗೇಟಿನ ಹತ್ತಿರ ಟಿಕೆಟ್ ಇಲ್ಲದ ಒಬ್ಬ ಹೆಂಗಸಿದ್ದಾರೆ. ಆದರೆ ಹೆಸರು ಬೇರೆ" ಎಂದು ಆ ಹೆಸರು ಹೇಳಿದರು. ಅವರ ಬಾಯಲ್ಲಿ ಅದು ಮೂರು ತುಂಡಾಗಿ, ಕೊನೆಯ ತುಂಡು ಪ್ರಶ್ನೆಯಂತೆ ಮೇಲಕ್ಕೆ ಹೋಯಿತು. "ಇವರೇನಾ?"

ಹೆಸರು ನನಗೆ ತಿಳಿಯಿತು. ಅದು ನನ್ನ ಅವ್ವನ ಹೆಸರು. ಅವ್ವ ತೀರಿಹೋಗಿ ವರ್ಷಗಳಾಗಿದ್ದವು.

"ಅಲ್ಲ" ಎಂದೆ. "ಅವರು ನನ್ನ ಹೆಂಡತಿ ಅಲ್ಲ."

ಇಂಗ್ಲೆಂಡಿನಲ್ಲಿದ್ದಷ್ಟು ದಿನ ನಾನು ಆಡಿದ ಇಂಗ್ಲಿಷಿನಲ್ಲಿ ಯಾರೂ ಇನ್ನೊಮ್ಮೆ ಹೇಳಿ ಎನ್ನದ ಮಾತು ಅದೊಂದೇ. ಅವರು ಒಂದೇ ಸಲಕ್ಕೆ ತಿಳಿದುಕೊಂಡು ಹಾಗೆಯೇ ಫೋನಿನಲ್ಲಿ ದಾಟಿಸಿದರು.

ಆಗಿದ್ದಿಷ್ಟು. ನನ್ನ ಹೆಂಡತಿಯ ತವರಿನ ಹೆಸರು, ಶಾಲೆಯ ಹೆಸರು, ಅವ್ವನ ಹೆಸರೇ. ಅತ್ತೆಯ ಹೆಸರನ್ನು ಸೊಸೆಗೆ ಇಟ್ಟುಕೊಂಡು ಆ ಮನೆಯಲ್ಲಿ ಕರೆಯುವುದು ಹೇಗೆ, ಗದರುವುದು ಹೇಗೆ? ಧಾರೆಯ ದಿನವೇ ತಟ್ಟೆಯ ಅಕ್ಕಿಯ ಮೇಲೆ ನನ್ನ ಬೆರಳಿನಿಂದ ಹೊಸ ಹೆಸರು ಬರೆಸಿದರು. ನಾನು ಬರೆದೆ. ಅಕ್ಷರ ದುಂಡಗಿದೆ ಎಂದು ಯಾರೋ ಹೊಗಳಿದ್ದೂ ನೆನಪಿದೆ. ಹಳೆಯ ಹೆಸರು ಆಮೇಲೆ ರೇಷನ್ ಕಾರ್ಡು, ವೋಟಿನ ಚೀಟಿ, ಆಧಾರ್, ಕೊನೆಗೆ ಪಾಸ್‌ಪೋರ್ಟು ಎಂದು ಕಾಗದದ ಮೇಲೆ ಬದುಕಿಕೊಂಡಿತ್ತು. ಕಾಗದದ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಆದರೆ ಆ ಹೆಸರನ್ನು ಯಾರಾದರೂ ಬಾಯಿಂದ ಹೇಳಿದರೆ, ನನ್ನ ಮನೆಯ ಮಟ್ಟಿಗೆ, ನನ್ನ ಕಣ್ಣಮುಂದೆ ಬರುವುದು ಅವ್ವ.

ಕಿತ್ತಳೆ ಜಾಕೆಟ್ಟಿನವರು ಇನ್ನೂ ಫೋನಿನಲ್ಲೇ ಇದ್ದರು. "ಪಾಪ, ಆ ಹೆಂಗಸು ಯಾವುದೋ ಕಾರ್ಡು ತೋರಿಸುತ್ತಿದ್ದಾರಂತೆ. ಹಿಂದಕ್ಕೆ ಕೈ ತೋರಿಸಿ 'ಟಿಕೆಟ್ ಬ್ಯಾಕ್, ಟಿಕೆಟ್ ಬ್ಯಾಕ್' ಅನ್ನುತ್ತಿದ್ದಾರಂತೆ. ಅವರ ಹಿಂದೆ ಯಾರೂ ಇಲ್ಲವಂತೆ" ಎಂದರು.

ನಾನು ಎದ್ದುನಿಂತೆ. ನೀರಿನ ಲೋಟ ಉರುಳಿತು. "ಅವಳೇ. ಅವಳು ನನ್ನ ಹೆಂಡತಿ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈಗ ತಾನೇ ಅಲ್ಲ ಎಂದವನು ಹೌದು ಎನ್ನುತ್ತಿದ್ದೇನೆ. ಯಾರೇ ಆದರೂ ಹಾಗೆ ನೋಡುತ್ತಿದ್ದರು. "ಆ ಕಾರ್ಡಿನಲ್ಲಿ ಗಂಡನ ಹೆಸರೂ ಇದೆಯಂತೆ. ಕೇಳಿದರೆ ಬಾಯಿಬಿಟ್ಟು ಹೇಳುತ್ತಿಲ್ಲ, ಬೆರಳಿಟ್ಟು ತೋರಿಸುತ್ತಿದ್ದಾರಂತೆ" ಎಂದು ನನ್ನ ಹೆಸರು ಹೇಳಿದರು. ಅವಳು ಯಾರ ಮುಂದೆಯೂ ನನ್ನ ಹೆಸರು ಹಿಡಿದು ಹೇಳುವವಳಲ್ಲ. ಅಂಥ ಇಕ್ಕಟ್ಟಿನಲ್ಲೂ ಹೇಳಿರಲಿಲ್ಲ. ನಾನಾದರೋ ಅವಳ ಹೆಸರನ್ನು ಕೇಳಿ ಬೇಡವೆಂದಿದ್ದೆ.

ಹಿಂದಿನ ಜಂಕ್ಷನ್ನಿಗೆ ಹೋಗಿ, ರೈಲು ಬದಲಿಸಿ, ಕ್ಯಾಂಟರ್ಬರಿ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತ ಬಂದಿತ್ತು. ದಾರಿಯಲ್ಲಿ ನಾನು ಕೂರಲಿಲ್ಲ. ಜಾಗವಿತ್ತು. ಒಂದು ವಿವರಣೆಯನ್ನು ಸಿದ್ಧಪಡಿಸಿಕೊಂಡೆ. ಅದರಲ್ಲಿ ನಾಮಕರಣದ ಪದ್ಧತಿ, ಉಚ್ಚಾರಣೆಯ ದೋಷ, ರೈಲು ವ್ಯವಸ್ಥೆ, ಮೂರೂ ಬಂದಿದ್ದವು. ಎಲ್ಲದರಲ್ಲೂ ತಪ್ಪು ಬೇರೆಯವರದಾಗಿತ್ತು.

ಅವಳು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಯಾರೋ ಕೊಟ್ಟ ಚಹಾದ ಕಾಗದದ ಲೋಟ ಕೈಯಲ್ಲಿತ್ತು. ಸೀರೆ ಹಸಿರು, ಅಂಚು ಕೆಂಪು. ನನ್ನನ್ನು ಕಂಡು ಏಳಲಿಲ್ಲ.

"ಬಂದ್ರಾ?" ಎಂದಳು.

"ರೈಲು ತುಂಡಾತು" ಎಂದೆ.

"ಗೊತ್ತಾತು. ಪಕ್ಕದಾಕೆ ನನ್ನ ಕೈ ಹಿಡಿದು ಇಳಿಸಿದ್ಲು." ಲೋಟವನ್ನು ಪಕ್ಕಕ್ಕಿಟ್ಟಳು. "ಆ ಗೇಟಿನಾತ ಒಳ್ಳೆಯವ ರೀ. ಫೋನ್ ಕಿವಿಗೆ ಇಟ್ಕಂಡೇ ನನ್ನ ಮುಖ ನೋಡ್ದ. ಹೇಳಾಕೆ ಅವಂಗೇ ಕಷ್ಟ ಆತು. 'ನಾಟ್ ವೈಫ್' ಅಂದ. ಅಷ್ಟು ಇಂಗ್ಲಿಷ್ ನಂಗೂ ಬರ್ತದೆ."

ಸಿದ್ಧಪಡಿಸಿದ ವಿವರಣೆಯಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ. "ಅದು... ಅವ್ವನ ಹೆಸರು ಅಂದ್ಕಂಡೆ" ಎಂದೆ.

"ಅತ್ತೆಯದು ಹೌದು. ಧಾರೆಗಿಂತ ಮೊದ್ಲು ನಂಗೂ ಅದೇ ಇತ್ತು" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು. ಆಮೇಲೆ ಕೈ ಚಾಚಿದಳು. "ನನ್ನ ಟಿಕೆಟ್ ಕೊಡ್ರಿ."

ಕೊಟ್ಟೆ. ಅವಳು ಅದನ್ನು ಗೇಟಿನವನಿಗೆ ದೂರದಿಂದಲೇ ಎತ್ತಿ ತೋರಿಸಿದಳು. ಅವನು ಹೆಬ್ಬೆರಳು ಎತ್ತಿ ನಕ್ಕ. ನನ್ನ ಕಡೆ ನೋಡಿದಾಗ ಆ ನಗೆ ಅರ್ಧಕ್ಕೆ ನಿಂತಿತು.

ಚರ್ಚಿನ ಹತ್ತಿರ ಹೋಗುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಬಾಗಿಲಾಚೆ ಗೋಪುರ ಕಾಣುತ್ತಿತ್ತು. ಇಬ್ಬರೂ ಹೊರಗೆ ನಿಂತೆವು. ಹೊರಡೋಣವೇ ಎಂದೆ. "ಅದೇನೋ ಪಾಠ ಹೇಳ್ತೀನಿ ಅಂದಿದ್ರಲ್ಲ, ಹೇಳ್ರಿ" ಎಂದಳು.

ಹೇಳಿದೆ. ಪಕ್ಕದ ತರಗತಿಗೆ ಕೇಳುತ್ತಿದ್ದ ದನಿ ಅಂದು ಅವಳಿಗೆ ಕೇಳಿಸುವುದೂ ಕಷ್ಟವಾಗಿತ್ತು. ರಾಜನಿಗೂ ಆರ್ಚ್‌ಬಿಷಪ್ಪನಿಗೂ ಹಳೆಯ ಸ್ನೇಹ, ಆಮೇಲೆ ಮನಸ್ತಾಪ, ನಾಲ್ಕು ಜನ ಕತ್ತಿ ಹಿಡಿದು ಇಲ್ಲಿಗೆ ಬಂದದ್ದು.

"ಕೊಲ್ರಿ ಅಂತ ರಾಜ ಹೇಳಿದ್ನಾ?"

"ಹಂಗೆ ಹೇಳಲಿಲ್ಲ. ಸಿಟ್ಟಿನಾಗೆ ಬಾಯಿ ತಪ್ಪಿ ಏನೋ ಅಂದ. ಕೇಳಿಸ್ಕಂಡೋರು ನಿಜ ಅಂತ ತಿಳ್ಕಂಡು..."

ಅಲ್ಲಿಗೆ ನನ್ನ ಮಾತು ನಿಂತಿತು. ಅಷ್ಟು ವರ್ಷ ಆ ಪಾಠದಲ್ಲಿ ನಿಲ್ಲದಿದ್ದ ಕಡೆ.

"ಬಾಯಿ ತಪ್ಪಿ" ಎಂದಳು ಅವಳು, ಗೋಪುರ ನೋಡುತ್ತ. "ಆಮೇಲೆ ಏನ್ಮಾಡಿದ ಆ ಪುಣ್ಯಾತ್ಮ?"

"ಬರಿಗಾಲಿನಾಗೆ ಈ ಊರಿಗೆ ನಡ್ಕಂಡು ಬಂದು, ಬೆನ್ನಿಗೆ ಹೊಡೆಸ್ಕಂಡು, ತಪ್ಪಾತು ಅಂದ."

ಅವಳು ನನ್ನ ಹೊಸ ಬೂಟುಗಳನ್ನು ನೋಡಿದಳು. "ನೀವೇನೂ ಬಿಚ್ಚಬ್ಯಾಡ್ರಿ. ಥಂಡಿ ಐತೆ" ಎಂದು ಸೆರಗು ಹೊದ್ದುಕೊಂಡು ಸ್ಟೇಷನ್ನಿನ ಕ‌ಡೆ ನಡೆದಳು. ನಾನು ಬೂಟು ಬಿಚ್ಚಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ. ರಾಜನಿಗೆ ಸುಲಭವಾಗಿದ್ದು ಮೇಷ್ಟ್ರಿಗೆ ಕಷ್ಟವಾಯಿತು.

ಊರಿಗೆ ಬಂದು ವಾರವಾಗುತ್ತಲೇ ಹೊಸಬಾಳೆಗೆ ಹೋದೆವು. ತವರಿನವರೆಲ್ಲ ಪಡಸಾಲೆಯಲ್ಲಿ ಸುತ್ತ ಕೂತರು, ಅವಳು ನಡುವೆ ಕೂತು ಇಂಗ್ಲೆಂಡನ್ನು ಹೇಳಿದಳು. ರೈಲು ತುಂಡಾದದ್ದಕ್ಕೆ ನಕ್ಕರು. ಗೇಟಿನವನು ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ್ದನ್ನು ಅವಳು ಮಾಡಿ ತೋರಿಸಿದಾಗ ಅವಳ ಚಿಕ್ಕಮ್ಮ ಕಣ್ಣೊರೆಸಿಕೊಂಡು ನಕ್ಕರು. "ಅಲ್ಲೂ ಫ್ರೀ ಮಾಡ್ತಾರೆ ಅಂದ್ಕಂಡ್ಯೇನೇ?" ಎಂದರು. ನಾನು ಗೋಡೆಗೊರಗಿ ಆ ಜಾಗ ಬರುವುದನ್ನೇ ಕಾಯುತ್ತಿದ್ದೆ. ಫೋನು ಬಂತು, ಗೇಟಿನವನು ಎತ್ತಿದ, ಎಂದಳು.

"ಆಮೇಲೆ?" ಎಂದ ಅವಳ ತಮ್ಮ.

"ಆಮೇಲೇನು, ಇವರು ಬರ್ತಾರೆ ಕೂತ್ಕಳ್ರಿ ಅಂದ. ಚಹಾ ಕೊಟ್ಟ."

ತಮ್ಮ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಅಲ್ಲ ಭಾವ, ಕಾರ್ಡಿನಾಗೆ ಅಕ್ಕನ ಹಳೇ ಹೆಸರಲ್ವಾ ಇರೋದು? ಅವರು ಆ ಹೆಸ್ರು ಹೇಳಿದ್ರೆ ನಿಮಗೆ ಗೊತ್ತಾತಾ?" ಎಂದ.

ನಾನು ಬಾಯಿ ತೆರೆದೆ.

"ಗೊತ್ತಾಗ್ದೆ ಏನೋ? ಹೆಂಡ್ತಿ ಹೆಸ್ರು ಗೊತ್ತಿರಲ್ವಾ?" ಎಂದು ಅವಳೇ ಹೇಳಿ, ಮಾತನ್ನು ಯಾರ್ಕಿನ ಕೋಟೆಗೋಡೆಯ ಕಡೆ ತಿರುಗಿಸಿದಳು. ತಮ್ಮ ಒಪ್ಪಿಕೊಂಡ. ಅಷ್ಟೂ ಜನ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಹೌದೆನ್ನುವಂತೆ ನಾನು ತಲೆಯಾಡಿಸಿದೆ.

ಒಳಗಿನಿಂದ ಯಾರೋ ಊಟಕ್ಕೆ ಎಲೆ ಹಾಕಲು ಅವಳನ್ನು ಆ ಹಳೆಯ ಹೆಸರು ಹಿಡಿದು ಕೂಗಿದರು. ಆ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ ಕೂಗುತ್ತಾರೆ. ಅಳಿಯನಾಗಿ ಅಷ್ಟು ವರ್ಷ ಅದೇ ಪಡಸಾಲೆಯಲ್ಲಿ ಕೂತು ನಾನು ಅದನ್ನು ಕೇಳಿದ್ದೇನೆ. ಅವಳು "ಬಂದೆ" ಎಂದು ಎದ್ದು ಹೋದಳು.